ಕಾಳಿನ ಪಾಠ

ಶಾಲಾ ಮೇಷ್ಟ್ರಾಗಿದ್ದ ನನ್ನ ಗಂಡನ ತಿಥಿ ಮುಗಿದ ಮಾರನೆಯ ಬೆಳಿಗ್ಗೆ ಕೆಂಪಾಜಮ್ಮ ಬಾಗಿಲಲ್ಲಿ ನಿಂತಿದ್ದಳು.

“ಊಟ ಎಲ್ಲಿಂದ ಬರುತ್ತೆ ಅಂತ ಶಾಲೆ ಮಕ್ಕಳಿಗೆ ತೋರಿಸ್ತೀನಿ ಅಂತ ಮೇಷ್ಟ್ರು ನನ್ನ ಅಲಸಂದೆ ಚೀಲಾನೇ ಹೊತ್ಕೊಂಡು ಬಂದಿದ್ರು ಕಣವ್ವ. ಬಿತ್ತನೆ ಬೀಜ. ಹುಳ ಬೀಳದಿರಲಿ ಅಂತ ಬೂದಿ ಬೆರೆಸಿದ್ದೆ. ನಮ್ಮತ್ತೆ ಕಾಲದ್ದು, ಇನ್ನೆಲ್ಲೂ ಸಿಗಲ್ಲ. ಮಳೆ ಬಂತಲ್ಲ, ಕೊಟ್ಬಿಡು.”

ನಾನು ಬೀಜವಿಜ್ಞಾನದಲ್ಲಿ ಚಿನ್ನದ ಪದಕ ಪಡೆದವಳು. ನಿನ್ನೆ ಅಡುಗೆಯವರು, “ಇದೇನಮ್ಮ, ಕಾಳಿಗೆಲ್ಲ ಬೂದಿ!” ಎಂದಾಗ, “ಚೆನ್ನಾಗಿ ತೊಳೆಯಿರಿ” ಎಂದು ವೈಜ್ಞಾನಿಕ ಸಲಹೆ ಕೊಟ್ಟಿದ್ದೆ.

ಒಳಗೆ ಹೋದೆ.

“ಅಂದಂಗೆ,” ಕೆಂಪಾಜಮ್ಮ ಹೊರಗಿನಿಂದಲೇ ಕೂಗಿದಳು, “ನಿನ್ನೆ ಪಲ್ಯ ಭಾರೀ ರುಚಿ ಕಣವ್ವ! ನಾನೇ ಎರಡು ಸಲ ಹಾಕಿಸ್ಕೊಂಡೆ. ಎಲ್ಲಿಂದ ತರಿಸಿದ್ದೆ ಆ ಕಾಳು?”

ಒಗೆದು ಮಡಿಸಿಟ್ಟಿದ್ದ ಅವಳ ಚೀಲವನ್ನು ತಂದು ಅವಳ ಕೈಗಿಟ್ಟೆ.