ಮೇಣ ಕುಡಿದ ತೊಗಲು

“ನಾನು ಬರಲ್ಲ, ನೀವೇ ಹೋಗಿ ಬನ್ನಿ,” ಎಂದು ಗೆಳತಿಗೆ ಬಂಗಾಳಿಯಲ್ಲಿ ಹೇಳಿ ಖುಷಿ ಫೋನಿಟ್ಟಳು. ಅಂದು ದುರ್ಗಾಪೂಜೆಯ ಅಷ್ಟಮಿ. ಸಂಜೆ ಗೆಳತಿಯರೆಲ್ಲ ಪೆಂಡಾಲು ನೋಡಲು ಹೊರಡುವವರಿದ್ದರು. ಬೆಳಗಿನಿಂದ ಮೋಡ ಕವಿದಿತ್ತು.

ಹದಿನೈದರ ಖುಷಿಯ ಎಡಗಾಲು ಹುಟ್ಟಿನಿಂದಲೇ ಸೊರಗಿದ್ದು. ಕಬ್ಬಿಣದ ಸರಳು, ತೊಗಲಿನ ಪಟ್ಟಿ, ಕೆಳಗೊಂದು ಬೂಟು, ಇವನ್ನು ಕಟ್ಟಿಕೊಂಡರೆ ಮಾತ್ರ ನಡಿಗೆ. ಹೋದ ಪೂಜೆಯಲ್ಲಿ ಮಳೆಗೆ ನೆನೆದ ಪಟ್ಟಿ ಒಣಗಿ ಹಲಗೆಯಂತಾಗಿ, ಕಾಲಿನ ಚರ್ಮ ಸುಲಿದು ಹೋಗಿತ್ತು.

ರೈಲ್ವೆಯಲ್ಲಿ ಕೆಲಸಕ್ಕಿರುವ ಮಗಳು, ಖುಷಿಯ ತಾಯಿ ವಂದನಾಳ ಮನೆಗೆ ಅಥಣಿಯಿಂದ ಬಂದಿದ್ದ ಕಲ್ಲಪ್ಪ ಆ ಬೂಟನ್ನು ತೊಡೆಯ ಮೇಲೆ ಇಟ್ಟುಕೊಂಡ. ಆಯುಷ್ಯವೆಲ್ಲ ಚಪ್ಪಲಿ ಹೊಲಿದವನು. ಲೇಕ್ ಮಾರ್ಕೆಟ್ಟಿನಿಂದ ತರಿಸಿದ ಹರಳೆಣ್ಣೆ ಕಾಯಿಸಿ, ಅದರಲ್ಲಿ ಜೇನುಮೇಣ ಕರಗಿಸಿದ. ಹಚ್ಚಹೋದರೆ ಬೆರಳು ನಡುಗಿ ಎಣ್ಣೆ ನೆಲಕ್ಕೆ ಚೆಲ್ಲಿತು.

“ನನ್ನ ಕೈ ಮಾತು ಕೇಳವಲ್ದು. ನೀನ ಹಚ್ಚವಾ.”

“ಐ ಹೇಟ್ ದಿಸ್ ಥಿಂಗ್, ಅಜ್ಜ.”

“ಗೊತ್ತೈತಿ. ಆದ್ರೂ ಬಾ, ಕುಂದರು.”

ಖುಷಿ ಕುಳಿತು ಬೆರಳ ತುದಿಯಿಂದ ಸವರಿದಳು.

“ಹಂಗಲ್ಲ, ಅಂಗೈಲೆ ತಿಕ್ಕು. ಕೈ ಕಾವಿಗೆ ತೊಗಲು ಎಣ್ಣಿ ಕುಡೀತೈತಿ. ಹೊಲಿಗಿ ಇದ್ದಲ್ಲಿ ಮ್ಯಾಣ ಒತ್ತು, ನೀರು ಒಳಗ ಹೊಗೋದು ಅಲ್ಲೇ.”

ಬಿಳಚಿಕೊಂಡಿದ್ದ ಪಟ್ಟಿ ಮೆಲ್ಲಗೆ ಕಂದುಬಣ್ಣಕ್ಕೆ ತಿರುಗಿ ಬಾಗತೊಡಗಿತು.

“ವಾಸನೆ ಬರ್ತದ ಅಜ್ಜ. ಫ್ರೆಂಡ್ಸ್ ನಗ್ತಾರ.”

“ನಿಮ್ಮಜ್ಜೀನೂ ನಕ್ಕಿದ್ಲು, ಲಗ್ನದ ದಿನ. ಆಮ್ಯಾಲ ನಾ ಪರಊರಿಗೆ ಹ್ವಾದ್ರ, ಈ ವಾಸನಿ ಇಲ್ದ ನಿದ್ದಿ ಬರೂದಿಲ್ಲ ಅಂತಿದ್ಲು.”

ಖುಷಿ ತಲೆ ತಗ್ಗಿಸಿಕೊಂಡೇ ನಕ್ಕಳು. ಕಲ್ಲಪ್ಪ ಪಟ್ಟಿಯನ್ನು ತನ್ನ ಕೆನ್ನೆಗೆ ಒತ್ತಿ, ಕಣ್ಣು ಮುಚ್ಚಿ, ಅಂಚಿನುದ್ದಕ್ಕೂ ಎಳೆದ. “ಇಲ್ಲಿ ಇನ್ನೂ ಚುಚ್ಚತೈತಿ,” ಎಂದು ಮರಳಿ ಕೊಟ್ಟ. ಅವಳು ಮತ್ತೆ ತಿಕ್ಕಿದಳು.

“ಅಪ್ಪಾ, ಮತ್ತ ಗಾಯ ಆದ್ರ?” ಬಾಗಿಲಲ್ಲಿ ನಿಂತ ವಂದನಾ ಕೇಳಿದಳು. ಖುಷಿ ಪಟ್ಟಿಯನ್ನು ತಾನೇ ಕಾಲಿಗೆ ಬಿಗಿದುಕೊಂಡು ಫೋನು ಕೈಗೆತ್ತಿಕೊಂಡಳು.

ಗೆಳತಿಯರೊಂದಿಗೆ ಅವಳು ಹೊರಟ ಸ್ವಲ್ಪ ಹೊತ್ತಿಗೆ ಮಳೆ ಸುರಿಯಿತು. ವಂದನಾ ಬಾಲ್ಕನಿ ಬಿಟ್ಟು ಕದಲಲಿಲ್ಲ. ಕಲ್ಲಪ್ಪನೂ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕುಳಿತ. ರಾತ್ರಿಯಾಗುವ ವೇಳೆಗೆ ಗಲ್ಲಿಯಲ್ಲಿ ಪಾದ ಮುಳುಗುವಷ್ಟು ನೀರು. ತಿರುವಿನಲ್ಲಿ ಹುಡುಗಿಯರು ಕಾಣಿಸಿಕೊಂಡರು. ನೆನೆದ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಜಾರುತ್ತ, ಎರಡೂ ಬದಿಯಿಂದ ಖುಷಿಯ ಭುಜ ಹಿಡಿದಿದ್ದರು. ನಡುವೆ ಅವಳು ಒಂದೊಂದೇ ಹೆಜ್ಜೆ ಊರಿ ಬರುತ್ತಿದ್ದಳು.

ಮನೆಯ ಕೆಳಗೆ ಬಂದಾಗ ತಲೆಯೆತ್ತಿ ಹೇಳಿದಳು:

“ಅಜ್ಜ, ಇವ್ರನ್ನೆಲ್ಲ ಮನಿ ಮುಟ್ಟಿಸಿ ಬರ್ತೀನಿ.”