ಗ್ಯಾರೇಜಿನ ಮಾತು

ಮೆಕ್ಯಾನಿಕ್ ಹುಡುಗಿ ಹುಮಾ ಟ್ರ್ಯಾಕ್ಟರಿನ ಬ್ಯಾಟರಿಯ ಎರಡೂ ತಂತಿಗಳನ್ನು ಅದಲು ಬದಲು ಮಾಡಿ ಬಿಗಿಯುತ್ತಿರುವುದನ್ನು ಕಂಡದ್ದೇ ತಡ, ಬಾಳಕೃಷ್ಣ ಮಾಸ್ತರರು ಕೈಯಲ್ಲಿದ್ದ ಅವಲಕ್ಕಿಯ ತಾಟನ್ನು ಕಟ್ಟೆಯ ಮೇಲೆ ಕುಕ್ಕಿ ಅಂಗಳಕ್ಕೆ ಧುಮುಕಿದರು. "ತಂಗಿ, ಕೈ ತಗಿ. ಮೊದಲ ಕೈ ತಗಿ," ಎಂದರು. ಅರವತ್ತಾರರ ಈ ಮನುಷ್ಯ ಇಷ್ಟು ಚುರುಕಾಗಿ ಎದ್ದದ್ದನ್ನು ಅವರ ಹೆಂಡತಿ ಸುಹಾಸಿನಿಯೂ ಈಚೆಗೆ ನೋಡಿರಲಿಲ್ಲ.

ಗಾಬರಿಗೆ ಕಾರಣವಿತ್ತು. ಗರಗದ ಈ ಅಂಗಳದಲ್ಲಿ ನಿಂತಿದ್ದ ಟ್ರ್ಯಾಕ್ಟರು ಅವರ ಅಪ್ಪನ ಕಾಲದ್ದು, ಆರು ವೋಲ್ಟಿನದು. ಅದರ ದೀಪ ಹತ್ತಿದೆಯೋ ಇಲ್ಲವೋ ಎಂದು ತಿಳಿಯಲು ಟಾರ್ಚ್ ಹಿಡಿದು ನೋಡಬೇಕು. ಕೀಲಿ ತಿರುವಿದರೆ ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. ಆಮೇಲೆ ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕು. ಹೋದ ವಾರ ಆ ಹ್ಯಾಂಡಲ್ ತಿರುಗಿ ಬಡಿದು ಮಾಸ್ತರರ ಮಣಿಕಟ್ಟು ಬಾತು, ಸತ್ತೂರಿನ ಆಸ್ಪತ್ರೆಗೆ ಹೋಗಿ ಎಕ್ಸರೇ ತೆಗೆಸಿಕೊಂಡು ಬಂದಿದ್ದರು. ಬರುವ ದಾರಿಯಲ್ಲೇ ಸುಹಾಸಿನಿ ತೀರ್ಪು ಕೊಟ್ಟಿದ್ದರು: ರವಿವಾರದೊಳಗೆ ಅದು ಕೀಲಿಯಿಂದ ಚಾಲೂ ಆಗಬೇಕು, ಇಲ್ಲದಿದ್ದರೆ ಸೋಮವಾರ ಗುಜರಿಯವನು ಬರುತ್ತಾನೆ. ಅವನಿಗೆ ಫೋನೂ ಆಗಿತ್ತು. ಅಪ್ಪ ತೊಡೆಯ ಮೇಲೆ ಕೂಡಿಸಿಕೊಂಡು ಸ್ಟೇರಿಂಗ್ ಹಿಡಿಸಿದ ಗಾಡಿ ಗುಜರಿಗೆ ಹೋಗುವುದೆಂದರೆ ಮಾಸ್ತರರಿಗೆ ಅನ್ನ ಸೇರುತ್ತಿರಲಿಲ್ಲ. ಇವತ್ತೇ ಆ ರವಿವಾರ.

ಧಾರವಾಡದಲ್ಲಿ ಗ್ಯಾರೇಜು ಇಟ್ಟಿರುವ ಬಡೇಸಾಬರು ತಾವು ಬಾರದೆ ಮಗಳನ್ನು ಕಳಿಸಿದ್ದರು. ವೈರಿಂಗ್ ಕೆಲಸವೆಲ್ಲ ಈಗ ಅವಳದೇ ಅಂತೆ. ಹುಮಾ ಬೆಳಿಗ್ಗೆಯಿಂದ ಬ್ಯಾಟರಿಗೆ ಚಾರ್ಜು ತುಂಬುವ ಹಳೆಯ ಡೈನಮೊ ತೆಗೆದು ಹೊಸ ಆಲ್ಟರ್ನೇಟರ್ ಕೂಡಿಸಿದ್ದಳು, ಕಾಯಿಲು, ಬಲ್ಬು ಬದಲಿಸಿದ್ದಳು, ಹನ್ನೆರಡು ವೋಲ್ಟಿನ ಬ್ಯಾಟರಿ ಇಟ್ಟಿದ್ದಳು. ಮಾಸ್ತರರು ಅವಳ ಬೆನ್ನಿಗೇ ನಿಂತು, ಬಿಚ್ಚಿದ ಒಂದೊಂದು ಸಾಮಾನಿನ ಮೇಲೂ ಸೀಮೆಸುಣ್ಣದಿಂದ ನಂಬರು ಬರೆದು ಮೇಲ್ವಿಚಾರಣೆ ಮಾಡಿದ್ದರು. ಧಾರವಾಡದ ಕಾಲೇಜಿನಲ್ಲಿ ಮೂವತ್ತು ವರ್ಷ ಫಿಜಿಕ್ಸ್ ಕಲಿಸಿ ನಿವೃತ್ತರಾಗಿ ಆರು ವರ್ಷವಾಗಿತ್ತು. ಆದರೂ ಜೇಬಿನಲ್ಲಿ ಸೀಮೆಸುಣ್ಣದ ತುಂಡಿಲ್ಲದ ಅಂಗಿ ಅವರ ಹತ್ತಿರ ಇರಲಿಲ್ಲ, ಅದನ್ನು ಒಗೆಯಲು ಹಾಕಿ ಬೈಸಿಕೊಳ್ಳದ ವಾರವೂ ಇರಲಿಲ್ಲ.

ಈವರೆಗೆ ಬ್ಯಾಟರಿಯ ಪ್ಲಸ್ ತಂತಿ ಗಾಡಿಯ ಕಬ್ಬಿಣದ ಮೈಗೆ ಬಿಗಿದಿತ್ತು. ಹುಮಾ ಈಗ ಮೈನಸ್ ತಂತಿಯನ್ನು ಅಲ್ಲಿಗೆ ಬಿಗಿಯುತ್ತಿದ್ದಳು. ಹೊಸ ಆಲ್ಟರ್ನೇಟರಿಗೆ ಹಾಗೇ ಬೇಕು ಎಂದಳು. ಅದೇನೋ ಸರಿ, ಆದರೆ ಎಂಜಿನ್ನನ್ನು ಎಬ್ಬಿಸುವ ಸ್ಟಾರ್ಟರ್ ಮೋಟಾರು ಹಳೆಯದೇ ಅಲ್ಲವೇ?

"ಬ್ಯಾಟರಿ ತುದಿ ಉಲ್ಟಾ ಮಾಡಿದ್ರ ಮೋಟಾರು ಉಲ್ಟಾ ತಿರಗತದ," ಎಂದರು ಮಾಸ್ತರರು. "ಅದೂ ಎರಡು ಪಟ್ಟು ಜೋರಿನಿಂದ. ಒಳಗಿನ ಹಲ್ಲು ಮುರದು ಕೈಗೆ ಬರತಾವ. ಮೂವತ್ತು ವರ್ಷ ಇದನ್ನ ಬೋರ್ಡಿನ ಮ್ಯಾಲೆ ಬರದೇನಿ ನಾ."

"ಉಲ್ಟಾ ತಿರಗಂಗಿಲ್ರಿ ಸರ್. ಇದ್ದ ಕಡೀನ ತಿರಗತೈತಿ."

ಪುಸ್ತಕದ ಮೋಟಾರಿನಲ್ಲಿ ಅಯಸ್ಕಾಂತ ಇರುತ್ತದೆ, ಇದರಲ್ಲಿ ಇಲ್ಲ ಎಂದು ಅವಳು ಸಮಾಧಾನದಿಂದ ಹೇಳಿದಳು. ಇದರಲ್ಲಿ ಒಳಗೂ ತಂತಿಯ ಸುರುಳಿ, ಹೊರಗೂ ತಂತಿಯ ಸುರುಳಿ. ಬ್ಯಾಟರಿಯ ತುದಿ ಉಲ್ಟಾ ಮಾಡಿದರೆ ಎರಡರ ಕಾಂತಧ್ರುವಗಳೂ ಒಟ್ಟಿಗೇ ಉಲ್ಟಾ ಆಗುತ್ತವೆ, ಹಾಗಾಗಿ ಸುತ್ತುವ ದಿಕ್ಕು ಬದಲಾಗುವುದಿಲ್ಲ. ಮಾಸ್ತರರು ಮತ್ತೆ ವಾದಕ್ಕೆ ಬಾಯಿ ತೆರೆದರು. ಅಷ್ಟರಲ್ಲಿ ಸುಹಾಸಿನಿ ಕಟ್ಟೆಯ ಮೇಲಿನಿಂದಲೇ, ಹೆಂಗೂ ನಾಳೆ ಗುಜರಿಗೆ ಹೋಗುವ ಗಾಡಿ, ಹುಡುಗಿ ಒಮ್ಮೆ ಕೀಲಿ ತಿರುವಿ ನೋಡಲಿ ಬಿಡಿ ಎಂದರು. ಮಾಸ್ತರರು ಎರಡು ಹೆಜ್ಜೆ ಹಿಂದೆ ಸರಿದು ಕಣ್ಣು ಮುಚ್ಚಿಕೊಂಡರು.

ಹುಮಾ ತಂತಿ ಬಿಗಿದು ಕೀಲಿ ತಿರುವಿದಳು, ಒಂದೇ ಏಟಿಗೆ ಎಂಜಿನ್ ಹಿಡಿಯಿತು. ಗಡಗಡ ಎನ್ನುವ ಆ ಸದ್ದಿಗೆ ಪೇರಲ ಗಿಡದ ಗುಬ್ಬಿಗಳೆಲ್ಲ ಎದ್ದು ಹಾರಿದವು, ಕಟ್ಟೆಯ ಮೇಲಿನ ಅವಲಕ್ಕಿ ತಾಟು ಕುಣಿಯಿತು. ಹುಮಾ ದೀಪ ಹಾಕಿದಳು. ಹಾಡಹಗಲಿನಲ್ಲೂ ಎದುರಿನ ಗೋಡೆಯ ಮೇಲೆ ಎರಡು ಬೆಳಕಿನ ದುಂಡು ಬಿದ್ದವು. ಮಾಸ್ತರರಿಗೆ ಹಿಗ್ಗು ತಡೆಯದೆ ಕಣ್ಣಲ್ಲಿ ನೀರೇ ಬಂತು. ಸುಹಾಸಿನಿ ಸೋತ ಮುಖ ಮಾಡಲು ನೋಡಿ, ಆಗದೆ ನಕ್ಕು, ಗುಜರಿಯವನಿಗೆ ಫೋನು ಹಚ್ಚಿ ನಾಳೆ ಬರುವುದು ಬೇಡ ಎಂದರು.

ಎಂಜಿನ್ ನಿಲ್ಲಿಸಿ ಹುಮಾ ಕೈ ಒರೆಸಿಕೊಳ್ಳುವಾಗ ಮಾಸ್ತರರು, ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಕೇಳಿದರು.

"ನಮ್ಮ ಅಬ್ಬಾ ಒಂದು ಸ್ಟಾರ್ಟರ್ ಬಿಚ್ಚಿ ತೋರ್ಸಿದ್ರು," ಎಂದಳು ಹುಮಾ. "ಹತ್ತು ವರ್ಷದ ಹಿಂದ, ಸೆಕೆಂಡ್ ಪಿಯುಸಿ ಟೆಸ್ಟಿನ್ಯಾಗ ನೀವ ಕೇಳಿದ್ರಿ ಸರ್ ಈ ಪ್ರಶ್ನಿ, ಐದು ಮಾರ್ಕಿಗೆ. ನಾ ಹಿಂಗ ಬರದಿದ್ದೆ. ಕೆಂಪು ಗೀಟು ಹೊಡದು ಸೊನ್ನಿ ಹಾಕಿದ್ರಿ. ಯಾಕಂತ ಕೇಳಾಕ ಬಂದ್ರ, ಗ್ಯಾರೇಜಿನ ಮಾತು ಗ್ಯಾರೇಜಿನ್ಯಾಗ ಇಟ್ಟು ಬಾ ಅಂದಿದ್ರಿ." ಅವಳು ನಗುತ್ತಲೇ ಹೇಳುತ್ತಿದ್ದಳು. "ಅದಕ್ಕ ಅಲ್ಲೇ ಇಟ್ಟಿದ್ನಿ. ಇವತ್ತ ತಂದೇನಿ."

ಮಾಸ್ತರರಿಗೆ ಆ ಹುಡುಗಿಯ ಮುಖ ನೆನಪಾಗಲಿಲ್ಲ. ಆದರೆ ಆ ಮಾತು ತಮ್ಮದೇ ಎಂದು ಗೊತ್ತಾಗಿ, ಮೂವತ್ತು ವರ್ಷದ ಬೋರ್ಡು ಕಣ್ಣ ಮುಂದೆ ಬಂದು ನಾಚಿಕೆಯಾಯಿತು. ಜೇಬಿಗೆ ಕೈ ಹಾಕಿ ಸೀಮೆಸುಣ್ಣ ತೆಗೆದರು. ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಧೂಳನ್ನು ಧೋತರದ ಚುಂಗಿನಿಂದ ಒರೆಸಿ, ದೊಡ್ಡದಾಗಿ ಐದಕ್ಕೆ ಐದು ಎಂದು ಬರೆದರು. ಉತ್ತರ ಪತ್ರಿಕೆಗೆ ಹಾಕುವ ಹಾಗೆ ಕೆಳಗೆ ಸಣ್ಣದೊಂದು ಸಹಿಯನ್ನೂ ಹಾಕಿದರು.

ಹುಮಾ ಬಗ್ಗಿ ಅದನ್ನು ಓದಿದಳು. ಆಮೇಲೆ ಸುಹಾಸಿನಿಯ ಕಡೆ ತಿರುಗಿದಳು.

"ಅಮ್ಮಾರ, ಇದನ್ನ ಯಾರೂ ಒರಸಬ್ಯಾಡ್ರಿ. ಇದರಾಗ ಅರ್ಧಾ ಮಾರ್ಕ್ಸು ನಮ್ಮ ಅಬ್ಬಾಂದು. ನಾಳೆ ಅವರನ್ನ ಕರಕೊಂಡು ಬಂದು ತೋರಸ್ತೇನಿ."