ಐದು ಗಂಟೆ ಬಿಟ್ಟುಹೋದ ಪಟ್ಟಿ

ಗಾರ್ಮೆಂಟ್ಸಿನ ಗೋಡೆ ಗಡಿಯಾರ ನಾಲ್ಕೂ ಮುಕ್ಕಾಲಿಗೆ ಬಂದು ನಿಂತ ಮೇಲೆ ಜಯಶೀಲ ಇನ್ನೂರು ಕಾಲರ್ ಹೊಲಿದಿದ್ದಳು. ಪ್ರತಿ ಕಟ್ಟಡಕ್ಕೂ ಆ ದಿನದ ಗಂಟೆಗಳ ಪಟ್ಟಿ ವೇಳೆ ಕಚೇರಿಯಿಂದಲೇ ಬರಬೇಕು; ಪಟ್ಟಿಯಲ್ಲಿಲ್ಲದ ಗಂಟೆ ಅಲ್ಲಿ ಆಗುವುದಿಲ್ಲ. ಗೇಟು ಯಾರನ್ನು ಬೇಕಾದರೂ ಒಳಗೆ ಬಿಡುತ್ತದೆ, ಐದಾಗದೆ ಹೊರಗೆ ಮಾತ್ರ ಬಿಡುವುದಿಲ್ಲ.

ವೇಳೆ ಕಚೇರಿಯಲ್ಲಿ ಹೊಸ ಪಟ್ಟಿಯ ಪ್ರೋಗ್ರಾಂ ಬರೆದಿದ್ದ ನಿತಿನ್ ಲ್ಯಾಪ್‌ಟಾಪ್ ಹಿಡಿದು ಒಳಗೆ ಬಂದ.

“ಎಂಟರಿಂದ ಐದರವರೆಗೆ, ಕಾಲು ಗಂಟೆಗೊಂದು ಅಂತಲೇ ಬರ್ದಿದ್ದೆ ಅಕ್ಕಾ. ಐದರವರೆಗೆ ಅಂದ್ರೆ ಕಂಪ್ಯೂಟರ್ ಕೊನೇ ಐದನ್ನ ಸೇರಿಸ್ಕೊಳ್ಳಲ್ಲ. ಅದನ್ನ ಮರೆತುಬಿಟ್ಟೆ.”

“ಮರ್ತ್‌ಬುಟ್ಟಾ? ಆಚೆ ನನ್ ಕೂಸು ಹಾಲಿಲ್ದೆ ಅಳ್ತಾ ಅದೆ! ಬೆಳಿಗ್ಗೆ ಎಂಟನ್ನ ಮಾತ್ರ ಮರೀಲಿಲ್ವಲ್ಲ ನೀನು!”

ಮಷಿನ್ನುಗಳೆಲ್ಲ ಒಮ್ಮೆಲೇ ನಿಂತವು. ನಿತಿನ್ ಅವಸರದಲ್ಲಿ ಕೀಲಿಗಳನ್ನು ಒತ್ತಿದ.

“ತಿದ್ದಿದ್ದೀನಿ ಅಕ್ಕಾ. ನಾಳೆ ಪಟ್ಟಿಯಿಂದ ಸರಿಹೋಗುತ್ತೆ.”

“ಇಲ್ಲಿ ನಾಳೆ ಯಾವಾಗ ಆಯ್ತದೆ?”

ನಿತಿನ್ ತಲೆಯೆತ್ತಿ ಗಡಿಯಾರ ನೋಡಿದ, ಆಮೇಲೆ ಗೇಟನ್ನು ನೋಡಿದ.

“ಐದಾದ ಮೇಲೆ.”

ಜಯಶೀಲ ಪಕ್ಕದ ಮಷಿನ್ನಿನ ಸ್ಟೂಲನ್ನು ಕಾಲಿನಿಂದ ಅವನತ್ತ ತಳ್ಳಿ, ಕಾಲರುಗಳ ಕಟ್ಟನ್ನು ಅವನ ಲ್ಯಾಪ್‌ಟಾಪಿನ ಮೇಲೆ ಎಸೆದಳು.

“ಕೂತ್ಕೊ. ಹೊಲಿ.”